ಮೇಲಿನಿಂದ ಎರಡನೇ ಗುಂಡಿ

ನನ್ನ ಅಕ್ಕ ಯಾರನ್ನೂ ಮುಖ ನೋಡಿ ಗುರುತು ಹಿಡಿದವಳಲ್ಲ, ಬಟ್ಟೆ ನೋಡಿ ಹಿಡಿಯುತ್ತಿದ್ದಳು. ದಾರಿಯಲ್ಲಿ ಯಾವಳಾದರೂ ನಕ್ಕು ಮಾತಾಡಿಸಿ ಹೋದರೆ "ಯಾರೇ ಅಕ್ಕ ಅದು?" ಎಂದು ಕೇಳುವೆ. "ಬಲ ಮೊಣಕೈ ಸವೆಯೋಳು" ಎನ್ನುವಳು. ಆಕೆಯ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಗಂಡ ಇದ್ದಾನೋ ಸತ್ತಿದ್ದಾನೋ ಅದೂ ಗೊತ್ತಿಲ್ಲ. ಆಫೀಸಿನಲ್ಲಿ ದಿನವಿಡೀ ಬಲ ಮೊಣಕೈ ಊರಿ ಕೂರುತ್ತಾಳೆ, ಅಲ್ಲಿ ಒಳಗೊಂದು ಪದರ ಬಟ್ಟೆ ಇಟ್ಟು ಹೊಲೆಯಬೇಕು ಎನ್ನುವುದು ಮಾತ್ರ ಗೊತ್ತು. ನಮ್ಮ ಬೀದಿಯವರು ಅಕ್ಕನಿಗೆ ದುರ್ಬೀನು ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆದರೂ ಅವಳಿಗೆ ಬೇಸರವಿರಲಿಲ್ಲ. ನನಗಿತ್ತು. ನನ್ನ ಬಾಯಿ ಸ್ವಲ್ಪ ಉದ್ದ, ಒಂದಿಬ್ಬರಿಗೆ ಅದಕ್ಕಾಗಿ ಸರಿಯಾಗಿ ಮಂಗಳಾರತಿ ಎತ್ತಿದ್ದೂ ಇದೆ.

ಅವಳ ನೋಟ ಸುಮ್ಮನೆ ಪಿಳಿಪಿಳಿ ನೋಡುವ ನೋಟವಲ್ಲ. ಮೊದಲು ಕಣ್ಣು ಕೀಲಿಸಿ ನೋಡುವಳು. ಆಮೇಲೆ ಒಂದು ತುಂಡು ದಾರ ಹಿಡಿದು ತೋರುಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವಳಿಗೆ ತಿಳಿಯದು. ದಾರ ಬೆರಳಿನಿಂದ ಕೆಳಗೆ ಬಿತ್ತೆಂದರೆ ತಲೆಗೆ ಏನೋ ಹೊಳೆಯಿತು ಎಂದು ಲೆಕ್ಕ. ಕೂಸನ್ನು ಯಾವಾಗಲೂ ಎಡ ಸೊಂಟದ ಮೇಲೇ ಹೊತ್ತು ತಿರುಗುವ ಒಬ್ಬ ಹೆಂಗಸಿದ್ದಳು. ಅವಳ ಅಂಗಿ ಪ್ರತಿ ಸಲವೂ ಎಡ ಕಂಕುಳಲ್ಲೇ ಹರಿಯುತ್ತಿತ್ತು. ಬಟ್ಟೆ ಲಡ್ಡು, ದಾರ ಲಡ್ಡು ಎಂದು ಅವಳು ಬೈದುಕೊಂಡೇ ತರುತ್ತಿದ್ದಳು. ಅಕ್ಕ ಒಂದು ದಿನ ಬಾಗಿಲಲ್ಲಿ ನಿಂತು, ಆ ಕೂಸು ತಾಯಿಯ ತೋಳಿಗೆ ಹೇಗೆ ಜೋತು ಬೀಳುತ್ತದೆ ಎಂದು ನೋಡಿದಳು. ದಾರ ಸುತ್ತಿದಳು. ಮುಂದಿನ ಅಂಗಿಗೆ, ಕೇಳದೆಯೇ, ಕಂಕುಳಲ್ಲಿ ಗಾಳಿಪಟದ ಆಕಾರದ ಪುಟ್ಟ ತುಂಡೊಂದನ್ನು ಸೇರಿಸಿ ಕೊಟ್ಟಳು. ಅದು ಹರಿಯಲೇ ಇಲ್ಲ. ಆ ಹೆಂಗಸು ಬಂದು ಹೊಗಳಿದಾಗ ಅಕ್ಕ ನಾಚಿಕೊಂಡು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ ಕೂತಳು.

ಅಂಗಡಿ ಎಂದರೆ ಅಕ್ಕ ಭಾವನ ಮನೆಯ ಮುಂದಿನ ಕೋಣೆ. ನಡುವೆ ಒಂದು ಪರದೆ. ಈಚೆ ಅಕ್ಕ, ಹೆಂಗಸರ ಮಕ್ಕಳ ಬಟ್ಟೆ. ಆಚೆ ಭಾವ, ಗಂಡಸರ ಬಟ್ಟೆ. ಕಿಟಕಿಯ ಕೆಳಗೆ ಗಿಡ್ಡ ಸ್ಟೂಲಿನ ಮೇಲೆ ನಾನು, ಎರಡೂ ಕಡೆಯ ಬಟ್ಟೆಗೆ ಗುಂಡಿ ತೂರಿಸುವ ಕಾಜಾ ಕತ್ತರಿಸಿ ದಾರ ಸುತ್ತಿ ಗುಂಡಿ ಹಚ್ಚುವವಳು. ಭಾವನನ್ನು ಊರೆಲ್ಲ ಮಾಸ್ಟ್ರು ಎನ್ನುತ್ತಿತ್ತು. ಕಿವಿಯ ಮೇಲೆ ಸೀಮೆಸುಣ್ಣದ ಬಿಲ್ಲೆ, ಕೊರಳಲ್ಲಿ ಟೇಪು, ಮೂಗಿನ ತುದಿಯಲ್ಲಿ ಕೋಪ. ಕತ್ತರಿ ಹಿಡಿದರೆ ಬಟ್ಟೆಯ ಮೇಲೆ ಎರಡನೇ ಗೆರೆ ಎಳೆದವರಲ್ಲ. "ಅಂಗಿ ಮೈಮೇಲೆ ಕೂರ್ಬೇಕು, ನೇತಾಡ್ಬಾರ್ದು" ಎನ್ನುವರು. ಅಕ್ಕ ಹೊಲೆದದ್ದನ್ನು ಎತ್ತಿ ನೋಡಿ "ಹೂಂ, ಪರ್ವಾಗಿಲ್ಲ" ಎಂದರೆ ಅಂದು ಅಕ್ಕನಿಗೆ ಹಬ್ಬ. ಅದಕ್ಕಿಂತ ದೊಡ್ಡ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಮಕ್ಕಳಾಗಲಿಲ್ಲ. ಇಬ್ಬರೂ ಮಾತು ಕಡಿಮೆಯವರು. ಪರದೆಯ ಆಚೆಗೊಂದು ಈಚೆಗೊಂದು ಯಂತ್ರ ಓಡುತ್ತಿದ್ದರೆ ಅದೇ ಅವರ ಸಂಸಾರದ ಸದ್ದು.

ಒಂದು ಬೆಳಿಗ್ಗೆ ಕೋಟಿನ ಬಟ್ಟೆ ಕತ್ತರಿಸುತ್ತಿದ್ದಾಗ ಭಾವನ ಕೈಯಿಂದ ಕತ್ತರಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಮೇಲೇಳಲಿಲ್ಲ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬಂದಾಗ ಕಾಲು ಎಳೆದುಕೊಂಡು ನಡೆಯುವಷ್ಟು ಆಗಿತ್ತು, ಆದರೆ ಬಲಗೈ ತೋಳಿಗೆ ತೂಗುಹಾಕಿದ ಹಾಗೆ ಸುಮ್ಮನೆ ಇತ್ತು. ಮಾತೂ ಹೋಗಿತ್ತು. ಉಳಿದದ್ದು ಒಂದು ಹೂಂ, ಒಂದು ಉಹೂಂ, ಮತ್ತೆ ಸ್ಪಷ್ಟವಾಗಿ, ಮೊದಲಿಗಿಂತ ಜೋರಾಗಿ, ಒಂದು ಥೂ. "ದೇವ್ರು ಎಲ್ಲಾ ಕಿತ್ಕೊಂಡು ಬೈಗುಳ ಮಾತ್ರ ಬಿಟ್ಟು ಹೋಗಿದಾನೆ ನೋಡು ಭಾವ" ಎಂದು ನಾನು ತಮಾಷೆ ಮಾಡಿದೆ. ಅವರ ಅರ್ಧ ತುಟಿ ನಕ್ಕಿತು. ನಾನು ಒಳಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತೆ.

ಆಮೇಲೆ ಪ್ರತಿ ಬೆಳಿಗ್ಗೆ ಅಕ್ಕನೇ ಅವರಿಗೆ ಅಂಗಿ ತೊಡಿಸುವಳು. ನಾನು ಅಂಗಡಿಗೆ ಬರುವ ಹೊತ್ತಿಗೆ ಸರಿಯಾಗಿ ಅದೇ ನಡೆದಿರುತ್ತಿತ್ತು. ಮೊದಲು ಸತ್ತ ಕೈ, ಆಮೇಲೆ ಬದುಕಿದ ಕೈ. ಆಮೇಲೆ ಎದುರು ನಿಂತು ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕುತ್ತ ಬರುವಳು. ಕುತ್ತಿಗೆಯ ಗುಂಡಿಯನ್ನು ಭಾವ ಎಂದೂ ಹಾಕುತ್ತಿರಲಿಲ್ಲ, ಹಾಗಾಗಿ ಕೊನೆಯದು ಮೇಲಿನಿಂದ ಎರಡನೆಯದು. ಅಲ್ಲಿಗೆ ಬರುವಾಗ ಗಿಡ್ಡಿಯಾದ ಅಕ್ಕನ ತಲೆ ಭಾವನ ಗದ್ದದ ಕೆಳಗೆ ಇರುತ್ತಿತ್ತು. ಭಾವನ ಎಡಗೈ ಅವಳ ತಲೆಯ ಮೇಲಿರುತ್ತಿತ್ತು. ಆಯ ತಪ್ಪದಿರಲೆಂದು ಹಿಡಿದುಕೊಂಡಿದ್ದಾರೆ ಎಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಿದ್ದಳು.

ಹೀಗಿರುವಾಗ ಒಬ್ಬ ಹಳೆಯ ಗಿರಾಕಿ, ಬಾಗಿಲು ತಟ್ಟುವ ಸೌಜನ್ಯವೂ ಇಲ್ಲದೆ, ನೇರ ಒಳಗೇ ಬಂದ. ಭಾವನ ಎದೆ ಅರ್ಧ ತೆರೆದಿದೆ, ಅಕ್ಕ ಗುಂಡಿ ಹಾಕುತ್ತಿದ್ದಾಳೆ.

"ಅಯ್ಯಯ್ಯೋ, ಏನ್ ಮಾಸ್ಟ್ರೇ ಇದು! ಊರಿಗೆಲ್ಲ ಅಂಗಿ ತೊಡಿಸಿದೋರು, ನಿಮಗೇ ಹೆಂಡ್ತಿ ಅಂಗಿ ತೊಡಿಸೋ ಹಾಗಾಯ್ತಲ್ಲ!"

ಕನಿಕರದಿಂದಲೇ ಅಂದನೋ ಏನೋ, ಅವನ ನಾಲಿಗೆಗೆ ನಾನು ಹೊಲಿಗೆ ಹಾಕಬೇಕಿತ್ತು. ಭಾವ ಅಕ್ಕನ ಕೈಯನ್ನು ರಪ್ಪನೆ ತಳ್ಳಿದರು. ಗೋಡೆಯ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ಆ ಗಿರಾಕಿ ಬಂದ ಕೆಲಸ ಮರೆತು ಹೊರಟುಹೋದ. ಅಕ್ಕ ಅಲ್ಲೇ ನಿಂತು ಆ ಬೆನ್ನನ್ನೇ ನೋಡಿದಳು, ಕಣ್ಣು ಕೀಲಿಸಿ.

"ಇವ್ರು ತಾವೇ ಹಾಕ್ಕೋಬೇಕು ಕಣೇ" ಎಂದಳು ಆಮೇಲೆ ನನ್ನ ಹತ್ತಿರ. "ಇನ್ನೊಬ್ರ ಕೈ ಕಾಯೋ ಹಾಗಿರ್ಬಾರ್ದು. ಅಂಥ ಅಂಗಿ ಒಂದು ಹೊಲೀತೀನಿ ನಾನು."

"ಒಂದು ಕೈಲಿ ಹಾಕ್ಕೊಳ್ಳೋ ಅಂಗಿ ಎಲ್ಲಾದ್ರೂ ಇರತ್ತೇನೇ?"

"ಇರಲ್ಲ. ಅದಕ್ಕೇ ಹೊಲೀಬೇಕು."

ಅವತ್ತಿನಿಂದ ಅಕ್ಕನಿಗೆ ಬೇರೆ ಲೋಕವಿರಲಿಲ್ಲ. ಬೆಳಿಗ್ಗೆ ಭಾವನಿಗೆ ಅಂಗಿ ಕೊಟ್ಟು, ಸಹಾಯ ಮಾಡದೆ ಎದುರು ಕೂತು ನೋಡುವಳು. ಅವರು ಕುತ್ತಿಗೆ ಬಾಗಿಸಿ ಗದ್ದದಿಂದ ಕಾಲರು ಒತ್ತಿ ಹಿಡಿಯುವುದು, ಮೇಜಿನ ಅಂಚಿಗೆ ಹೊಟ್ಟೆ ಆನಿಸಿ ಅಂಗಿ ಜಾರದಂತೆ ಮಾಡುವುದು, ಸೋತು ಹಲ್ಲಿನಲ್ಲಿ ಕಚ್ಚುವುದು. ಅವರಿಗೆ ಬೆವರು ಇಳಿಯುತ್ತಿತ್ತು. "ಥೂ" ಎಂದು ಅಂಗಿಯನ್ನು ಅವಳ ಮುಖಕ್ಕೇ ಎಸೆದರು ಒಂದು ದಿನ. ಅಕ್ಕ ಅದನ್ನು ಎತ್ತಿಕೊಂಡು, ಹಲ್ಲಿನ ಗುರುತು ಎಲ್ಲಿ ಬಿದ್ದಿದೆ ಎಂದು ಬೆಳಕಿಗೆ ಹಿಡಿದು ನೋಡಿದಳು. ನನಗೆ ರೇಗಿಹೋಯಿತು. "ನಿಂಗೆ ಕರುಳು ಅನ್ನೋದು ಇದ್ಯೇನೇ? ಮನುಷ್ಯ ಒದ್ದಾಡ್ತಿದ್ರೆ ಸಿನಿಮಾ ನೋಡೋ ಹಾಗೆ ನೋಡ್ತೀಯಲ್ಲ!" ಎಂದೆ. "ಕೈ ಹಚ್ಚಿದ್ರೆ ತಪ್ಪು ಎಲ್ಲಿದೆ ಅಂತ ಗೊತ್ತಾಗಲ್ಲ ಕಣೇ" ಎಂದಳು. ಅವಳ ಕೆಳತುಟಿ ರಕ್ತ ಬರುವಷ್ಟು ಕಚ್ಚಿಹೋಗಿತ್ತು.

ಮುಂದೆ ತನ್ನ ಬಲಗೈಯನ್ನೇ ಟೇಪಿನಿಂದ ಸೊಂಟಕ್ಕೆ ಬಿಗಿದುಕೊಂಡಳು. ಭಾವನ ಹಳೆಯ ಅಂಗಿಯನ್ನು ತಾನು ಹಾಕುವುದು, ಬಿಚ್ಚುವುದು. ಹಾಗೇ ಒಲೆಯ ಮುಂದೆಯೂ ನಿಂತು ಹಾಲು ಉಕ್ಕಿಸಿದಳು. ಬಟ್ಟೆ ಕೊಡಲು ಬಂದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುವರು. ಆದರೆ ಮೆಲ್ಲಮೆಲ್ಲಗೆ ದಾರ ಬೆರಳಿನಿಂದ ಬೀಳತೊಡಗಿತು. ತೋಳಿನ ತೂತು ಅಗಲವಿರಬೇಕು. ಗುಂಡಿ ದೊಡ್ಡದಿರಬೇಕು, ಕಾಜಾ ಸಡಿಲ. ಆದರೆ ಎಡ ಮಣಿಕಟ್ಟಿನ ಗುಂಡಿ? ಎಡಗೈಯ ಗುಂಡಿಯನ್ನು ಎಡಗೈಯೇ ಹಾಕುವುದು ಹೇಗೆ? ಅಲ್ಲಿ ಅವಳ ಬುದ್ಧಿ ಎಷ್ಟೋ ದಿನ ಕೆಸರಿನಲ್ಲಿ ಹೂತ ಚಕ್ರದಂತೆ ನಿಂತುಬಿಟ್ಟಿತು. ಒಂದು ಮಧ್ಯಾಹ್ನ ಮುಖ ತೊಳೆಯಲು ಹೋಗಿ, ಕೂದಲಿನ ರಬ್ಬರ್ ಬ್ಯಾಂಡನ್ನು ಮಣಿಕಟ್ಟಿಗೆ ಏರಿಸಿಕೊಂಡವಳು ಅಲ್ಲೇ ನಿಂತಳು. ಏರಿಸಿದಳು, ಇಳಿಸಿದಳು. ಒದ್ದೆ ಮುಖದಲ್ಲೇ ಓಡಿ ಬಂದಳು. "ಗುಂಡಿ ಹಚ್ಚೋ ದಾರಾನೇ ಎಲಾಸ್ಟಿಕ್ ಮಾಡಿದ್ರೆ? ಗುಂಡಿ ಹಾಕೇ ಇರತ್ತೆ, ಕೈ ತೂರಿಸಿದ್ರೆ ತಾನೇ ಹಿಗ್ಗತ್ತೆ, ಆಮೇಲೆ ತಾನೇ ಕೂರತ್ತೆ!" ನನ್ನ ಭುಜ ಹಿಡಿದು ಅಲುಗಾಡಿಸಿದಳು. ನನ್ನ ಸೂಜಿ ಬೆರಳಿಗೆ ಚುಚ್ಚಿತು, ಅವಳಿಗೆ ಅದರ ಪರಿವೆ ಇರಲಿಲ್ಲ.

ಮೊದಲ ಅಂಗಿಗೆ ಅವಳು ಗುಂಡಿಯನ್ನು ಎಡಗಡೆಗೆ ಹಾಕಿದಳು, ಎಡಗೈಗೆ ಅದೇ ಸಲೀಸು ಎಂದು. ಗಂಡಸರ ಅಂಗಿಗೆ ಗುಂಡಿ ಬಲಗಡೆ, ಎಡಗಡೆ ಹಾಕುವುದು ಹೆಂಗಸರ ಅಂಗಿಗೆ. ಬೇರೆ ಯಾವ ಗಂಡಸಿಗೂ ಅದು ತಿಳಿಯುತ್ತಿರಲಿಲ್ಲ. ಇವರು ಮಾಸ್ಟ್ರು. ಅಂಗಿಯನ್ನು ಒಂದೇ ಸಲ ನೋಡಿ, ಅಕ್ಕನ ಮುಖ ನೋಡಿ, ಇಡೀ ಬೀದಿಗೆ ಕೇಳುವಂತೆ "ಥೂ!" ಎಂದರು. ನಾನು ನಕ್ಕೂ ನಕ್ಕೂ ಗುಂಡಿಯ ಡಬ್ಬಿ ಚೆಲ್ಲಿದೆ. ಅಕ್ಕ ಹಠಮಾರಿ, ಬಿಚ್ಚಿ, ಗುಂಡಿ ಕೂರುವ ಎದೆಯ ಪಟ್ಟಿಯನ್ನು ಮತ್ತೆ ಗಂಡಸರ ಥರವೇ ಹಚ್ಚಿದಳು, ಆದರೆ ಎಡಗೈಗೆ ಒಗ್ಗುವಂತೆ ಕಾಜಾವನ್ನು ಓರೆಯಾಗಿ ಕತ್ತರಿಸಲು ನನಗೆ ಹೇಳಿದಳು.

ನೀಲಿ ಗೀರಿನ ಆ ಅಂಗಿಯನ್ನು ಭಾವ ಒಬ್ಬರೇ, ಒಳಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಹಾಕಿಕೊಂಡರು. ನಾವಿಬ್ಬರೂ ಹೊರಗೆ ಬಾಗಿಲ ಕಡೆ ಕಿವಿ ಕೊಟ್ಟು ಕೂತಿದ್ದೆವು. ಅವರು ಕಾಲೆಳೆದುಕೊಂಡು ಹೊರಬಂದರು. ಎಲ್ಲ ಗುಂಡಿಯೂ ಅದರದರ ಜಾಗದಲ್ಲಿ ಇತ್ತು, ಮಣಿಕಟ್ಟು ನೆಟ್ಟಗೆ ಕೂತಿತ್ತು. ಅಕ್ಕ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿ, ಆಮೇಲೆ ಸೆರಗು ಎನ್ನುವಂತೆ ಕೊರಳ ಟೇಪಿನಿಂದಲೇ ಕಣ್ಣೊರೆಸಿಕೊಂಡಳು. ಭಾವ ಎಡಗೈಯಿಂದ ಕಾಲರು ಎಳೆದು ನೋಡಿ "ಹೂಂ" ಎಂದರು. ಪರ್ವಾಗಿಲ್ಲ ಎನ್ನುವ ಮಾತು ಬಾಯಿಗೆ ಬರಲಿಲ್ಲ, ಆದರೆ ಅದು ಅದೇ ಹೂಂ ಎಂದು ನಮಗೆ ಗೊತ್ತಾಯಿತು. ನಿಜ ಹೇಳುತ್ತೇನೆ, ಆ ದಿನ ಅವರಿಗೂ ಸಂತೋಷವಾಗಿತ್ತು.

ಮಾರನೆಯ ದಿನದಿಂದ ಬೆಳಗಿನ ಆ ಕೆಲಸ ಅಕ್ಕನಿಗೆ ಇಲ್ಲವಾಯಿತು. ಎರಡು ಜನರ ದುಡಿಮೆ ಅವಳೊಬ್ಬಳ ಮೇಲೆ ಬಿದ್ದಿತ್ತಲ್ಲ, ಅಂಗಿ ಇಸ್ತ್ರಿ ಮಾಡಿ ಮಂಚದ ಮೇಲಿಟ್ಟು ಬೇಗ ಬಂದು ಯಂತ್ರಕ್ಕೆ ಕೂತುಬಿಡುವಳು. ಭಾವ ತಾವೇ ತೊಟ್ಟುಕೊಂಡು ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುವರು. ಅಕ್ಕ ತಲೆ ಎತ್ತದೆ "ಆಯ್ತಾ ರೀ?" ಎನ್ನುವಳು. "ಹೂಂ." ಅಷ್ಟೇ. ಪರದೆಯ ಆಚೆಯ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು.

ಸ್ವಲ್ಪ ದಿನಕ್ಕೆ ಭಾವ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದರು. ಮೇಲಿನಿಂದ ಎರಡನೆಯದು ಮೊದಲ ಕಾಜಾಕ್ಕೆ ಹೋಗಿ, ಕಾಲರು ಒಂದು ಕಡೆ ಕಿವಿ ನಿಮಿರಿಸಿ ನಿಂತಿತ್ತು. ಅಕ್ಕ ಎದ್ದುಹೋಗಿ ಸರಿ ಮಾಡಿದಳು. ಮಾರನೆಯ ದಿನ ಮತ್ತೆ ಅದೇ. ಅದರ ಮಾರನೆಯ ದಿನವೂ ಅದೇ. ಬಂದು ಬೆಂಚಿನ ಮೇಲೆ ಕೂರದೆ ಅವಳ ಯಂತ್ರದ ಪಕ್ಕ ನಿಂತುಕೊಳ್ಳುವರು, ಕುತ್ತಿಗೆ ಬಗ್ಗಿಸಿ, ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ. ಅಕ್ಕ ಗುಂಡಿ ಸರಿ ಮಾಡುವಳು, ಆದರೆ ಅವಳ ಕಣ್ಣೆಲ್ಲ ಪಟ್ಟಿಯ ಮೇಲೆ.

"ಬೇರೆ ಯಾವುದೂ ತಪ್ಪಲ್ಲ, ಎರಡನೇದೇ ತಪ್ಪತ್ತೆ. ನಿನ್ ಕಾಜಾ ಸರಿ ಇಲ್ಲ ಕಣೇ" ಎಂದಳು ನನಗೆ.

ನನ್ನ ಮೈ ಉರಿದುಹೋಯಿತು. "ನನ್ ಕಾಜಾ? ನನ್ ಕಾಜಾಕ್ಕೆ ಇವತ್ತಿನವರೆಗೂ ಯಾರೂ ಬೊಟ್ಟು ತೋರ್ಸಿಲ್ಲ! ಭಾವ, ನೀವೇ ಹೇಳಿ, ನನ್ ಕಾಜಾ ಸರಿ ಇಲ್ವಾ?"

ಭಾವ ನನ್ನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. "ಉಹೂಂ, ಉಹೂಂ" ಎಂದು ತಲೆ ಅಲ್ಲಾಡಿಸಿದರು. ಏನೋ ಹೇಳಲು ಬಾಯಿ ತೆರೆದರು. ತುಟಿ ಸೊಟ್ಟಗಾಗಿ ಜೊಲ್ಲು ಇಳಿಯಿತು, ಮಾತು ಬರಲಿಲ್ಲ. "ಥೂ" ಎಂದು ಬೆಂಚಿಗೆ ಹೋಗಿ ಕೂತರು.

ಅಕ್ಕನ ದಾರ ಬೆರಳಿಗೆ ಏರಿತು. ಪಟ್ಟಿ, ಕಾಜಾ ಎಲ್ಲ ಒಂದೇ ಬಣ್ಣ, ಬಗ್ಗಿ ನೋಡುವಾಗ ಕಣ್ಣಿಗೆ ಗೊಂದಲ ಎಂದುಕೊಂಡು ಒಂದೊಂದು ಕಾಜಾಕ್ಕೂ ಒಳಗಡೆ ಒಂದೊಂದು ಬಣ್ಣದ ದಾರ, ಅದರ ಗುಂಡಿಗೂ ಅದೇ ಬಣ್ಣ ಮಾಡಿಸಿದಳು. ಕುರುಡನೂ ತಪ್ಪುವಂತಿರಲಿಲ್ಲ. ಭಾವ ತಪ್ಪಿದರು. ಆಗ ಅವಳು ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳ ಬೂಟುಗಳನ್ನು ನೋಡಿ ಬಂದಳು. ಚರ್ ಎಂದು ಅಂಟಿಕೊಂಡು ಚರ್ ಎಂದು ಬಿಡುವ ಪಟ್ಟಿ ಇರುತ್ತದಲ್ಲ, ಅದನ್ನು ಅಂಗಿಯ ಎದೆಗೆ ಒಳಗಿನಿಂದ ಹಚ್ಚಿ, ಮೇಲೆ ಶೋಕಿಗೆ ಗುಂಡಿ ಹೊಲೆದಳು. ಅದನ್ನೂ ಅವರು ಸೊಟ್ಟ ಅಂಟಿಸಿಕೊಂಡು ಬಂದರು. "ಎಡಗೈ ಅಷ್ಟು ಮೇಲೆ ತಿರುಗಲ್ಲ ಅನ್ಸತ್ತೆ" ಎಂದು ಅಕ್ಕ ಕೊನೆಗೆ ಹೊಸ ಅಂಗಿಯೊಂದಕ್ಕೆ ಕಾಜಾ ಇಡದೆ ಎದೆಯ ಪಟ್ಟಿಯನ್ನೇ ಮೇಲಿನಿಂದ ಕೆಳಗಿನವರೆಗೆ ಹೊಲೆದು ಮುಚ್ಚಿಬಿಟ್ಟಳು. ಕುತ್ತಿಗೆ ಅಗಲ ಮಾಡಿ, ತಲೆಯಿಂದ ಹಾಕಿಕೊಳ್ಳುವ ಹಾಗೆ. ನೋಡಿದವರಿಗೆ ಅಪ್ಪಟ ಗಂಡಸರ ಅಂಗಿ, ಗುಂಡಿಗಳೆಲ್ಲ ಬರೀ ಕಣ್ಣಿಗೆ. ತಪ್ಪಲು ಇನ್ನೇನೂ ಇರಲಿಲ್ಲ.

ಅವರು ಅದನ್ನು ಒಳಗು ಹೊರಗು ಮಾಡಿ ಹಾಕಿಕೊಂಡು ಬಂದರು. ಊರಿನ ಗಂಡಸರ ಅಂಗಿಯ ಇಸ್ತ್ರಿ ಗೆರೆ ಬಾಗಿದ್ದರೂ ಮೂಗು ಮುರಿಯುತ್ತಿದ್ದ ಮಾಸ್ಟ್ರು, ಹೊಲಿಗೆಯ ಅಂಚೆಲ್ಲ ಹೊರಗೆ ಕಾಣಿಸಿಕೊಂಡು, ಗಿರಾಕಿಗಳ ಎದುರಿಗೇ, ಅಕ್ಕನ ಯಂತ್ರದ ಪಕ್ಕ ಬಂದು ತಲೆ ಬಗ್ಗಿಸಿ ನಿಂತರು. ಅಕ್ಕ "ಅಯ್ಯೋ ರೀ" ಎಂದು ಬಿಚ್ಚಿ ತಿರುಗಿಸಿ ತೊಡಿಸಿದಳು. ಮುಂದಿನ ಅಂಗಿಗೆ ಶೋಕಿಯ ಗುಂಡಿಯನ್ನೂ ಬಿಟ್ಟು, ಎರಡೂ ಮಗ್ಗುಲು ಒಂದೇ ಥರ ಕಾಣುವ ಹೊಲಿಗೆ ಹಾಕಿದಳು. ಅಂಥ ಹೊಲಿಗೆಯನ್ನು ನಾನು ಇನ್ನೆಲ್ಲೂ ನೋಡಿಲ್ಲ. ಒಳಗು ಯಾವುದು ಹೊರಗು ಯಾವುದು ಎಂದು ಹೊಲೆದ ಅವಳಿಗೂ ತಿಳಿಯದು.

ಆಮೇಲೆ ಭಾವ ತಪ್ಪಲಿಲ್ಲ. ತೊಟ್ಟುಕೊಂಡು ಬರುವರು, ಬೆಂಚಿನ ಮೇಲೆ ಕೂರುವರು. "ಆಯ್ತಾ ರೀ?" "ಹೂಂ." ಅಕ್ಕ ನನಗೆ ಕಣ್ಣು ಹೊಡೆದು "ನೋಡಿದ್ಯಾ?" ಎಂದಳು. ಭಾವ ಬೀದಿಯ ಕಡೆ ನೋಡುತ್ತ ಕೂತಿರುತ್ತಿದ್ದರು. ಊಟ ಕಡಿಮೆಯಾಯಿತು. ಥೂ ಎನ್ನುವುದೂ ಕಡಿಮೆಯಾಯಿತು, ಅದು ಒಳ್ಳೆಯ ಲಕ್ಷಣ ಎಂದುಕೊಂಡೆವು ನಾವು. ಒಂದು ಮಧ್ಯಾಹ್ನ ಅದೇ ಬೆಂಚಿನ ಮೇಲೆ, ಗೋಡೆಗೆ ಒರಗಿಕೊಂಡು, ಅಕ್ಕನ ಕಡೆಗೆ ಮುಖ ಮಾಡಿಕೊಂಡೇ ಹೋಗಿಬಿಟ್ಟರು. ಯಂತ್ರ ಓಡುತ್ತಲೇ ಇತ್ತು. ನಾನು ತಲೆ ಎತ್ತಿ ನೋಡಿ ಕಿರುಚಿದಾಗಲೇ ಅದು ನಿಂತದ್ದು.

ಅಕ್ಕ ಎದೆ ಬಡಿದುಕೊಂಡು ಅಳಲಿಲ್ಲ. ಬಂದವರ ಹತ್ತಿರ "ಕಡೇ ತನಕ ತಾವೇ ಅಂಗಿ ಹಾಕ್ಕೊಂಡ್ರು, ಯಾರ ಕೈನೂ ಕಾಯ್ಲಿಲ್ಲ" ಎನ್ನುವಳು. ಅದೊಂದೇ ಅವಳಿಗೆ ಉಳಿದಿದ್ದ ಸಮಾಧಾನ. ಅದನ್ನೇ ಹಿಡಿದುಕೊಂಡು ಎದ್ದು ನಿಂತಳು, ಮತ್ತೆ ಯಂತ್ರಕ್ಕೆ ಕೂತಳು. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಲಕ್ವ ಹೊಡೆದವರು, ಕೈ ಮುರಿದವರು ಅಂಥದೇ ಅಂಗಿ ಕೇಳಿಕೊಂಡು ಬರತೊಡಗಿದರು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಒಮ್ಮೆ ಬಂದು, "ಇದೆಲ್ಲ ನಿಮಗೆ ಹೇಗಮ್ಮ ಹೊಳೀತು?" ಎಂದು ಕೇಳಿದಳು. "ನೋಡ್ತಾ ಇದ್ದೆ" ಎಂದಳು ಅಕ್ಕ. ಹೇಳುವಾಗ ಅವಳ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. ಇರಲಿ ಬಿಡಿ, ಅಷ್ಟಾದರೂ ಇರಬೇಕಿತ್ತು.

ಆಮೇಲೊಂದು ಬೆಳಿಗ್ಗೆ ಬೀದಿ ತುದಿಯ ಬೇಕರಿಯವನೂ ಅವನ ಹೆಂಡತಿಯೂ ಬಂದರು. ಅವನಿಗೂ ಬಲಗೈ ಹೋಗಿತ್ತು, ಮಾತೂ ಅಷ್ಟಕ್ಕಷ್ಟೇ. ದೊಡ್ಡ ಗುಂಡಿ, ಓರೆ ಕಾಜಾದ ಅಂಗಿ ಸಿದ್ಧವಾಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಪಕ್ಕದ ಮನೆಯವಳ ಜೊತೆ ಹರಟುತ್ತಿದ್ದಳು. ಬೇಕರಿಯವನು ಕನ್ನಡಿಯ ಮುಂದೆ ನಿಂತು ಅಂಗಿ ತೊಟ್ಟ. ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಅವನ ಬೆನ್ನ ಹಿಂದೆ ಕೂತು, ಕೆಳಗಿನ ಮಡಿಕೆ ಹಿಡಿಯುತ್ತ ಕನ್ನಡಿಯಲ್ಲಿ ನೋಡುತ್ತಿದ್ದಳು. ಅವನು ಒಂದೊಂದೇ ಗುಂಡಿ ಹಾಕಿದ, ಎಲ್ಲವನ್ನೂ ಸರಿಯಾಗಿ. ಆಮೇಲೆ ಕಣ್ಣೆತ್ತಿ ಕನ್ನಡಿಯೊಳಗೆ ಬಾಗಿಲ ಕಡೆ ನೋಡಿದ. ಹರಟೆ ಮುಗಿಸಿ ಹೆಂಡತಿ ಒಳಗೆ ತಿರುಗುತ್ತಿದ್ದಳು. ಅವನ ಬೆರಳುಗಳು ಬೇಗ ಬೇಗ ಒಂದು ಗುಂಡಿ ಬಿಚ್ಚಿ ಮೇಲಿನ ಕಾಜಾಕ್ಕೆ ತೂರಿಸಿದವು.

"ಅಯ್ಯೋ ನಿಮ್ಮ! ಇಷ್ಟೂ ಗೊತ್ತಾಗಲ್ವಾ? ನೋಡಿ, ಕಾಲರ್ ಎಲ್ಲಿಗೆ ಹೋಗಿದೆ!" ಎಂದು ಹೆಂಡತಿ ಬೈಯುತ್ತ ಬಂದು, ಎದುರು ನಿಂತು, ತಲೆ ಬಗ್ಗಿಸಿ ಗುಂಡಿ ಬಿಚ್ಚಿದಳು. ಬೇಕರಿಯವನು ಕಣ್ಣು ಮುಚ್ಚಿದ. ಅವನ ಎಡಗೈ ಮೇಲೆದ್ದು ಅವಳ ತಲೆಯ ಮೇಲೆ ಕೂತಿತು. ಅವನು ಗಟ್ಟಿಯಾಗಿ ನಿಂತಿದ್ದ, ಬೀಳುವ ಭಯವೇನೂ ಇರಲಿಲ್ಲ.

ಅಕ್ಕನ ಬಾಯಿಂದ ಗುಂಡುಸೂಜಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಅವಳು ಎದ್ದು ಒಳಕೋಣೆಗೆ ಹೋದಳು. ನಾನು ಹಿಂದೆಯೇ ಓಡಿದೆ. ಮಂಚದ ಅಂಚು ಹಿಡಿದು ನೆಲದ ಮೇಲೆ ಕೂತಿದ್ದಳು.

"ಅಕ್ಕ, ಏನಾಯ್ತೇ?"

"ಕಾಜಾದು ತಪ್ಪಲ್ಲ ಕಣೇ" ಎಂದಳು.

"ಯಾವ ಕಾಜಾ?"

"ನಿನ್ ಕಾಜಾ ಸರಿಯಾಗೇ ಇತ್ತು. ಇವ್ರಿಗೆ ಹಾಕಕ್ಕೆ ಬರ್ತಿತ್ತು. ಮೊದಲ್ನೇ ದಿನಾನೇ ಹಾಕಿದ್ರಲ್ಲ, ಎಲ್ಲಾನೂ. ಬೇಕೂ ಅಂತ ತಪ್ಪು ಹಾಕ್ಕೊಂಡು ಬರ್ತಿದ್ರು. ಪಕ್ಕದಲ್ಲಿ ಬಂದು ನಿಂತ್ಕೊಳ್ಳೋರು. ನಾನು ಪಟ್ಟಿ ನೋಡ್ತಿದ್ದೆ. ಒಂದು ಸಲ ಮುಖ ನೋಡ್ಲಿಲ್ವಲ್ಲೇ! ಬಣ್ಣದ ದಾರ ಹಾಕ್ದೆ, ಅಂಟು ಹಚ್ಚಿದೆ, ಕೊನೆಗೆ ಎಲ್ಲಾ ಹೊಲ್ದು ಮುಚ್ಚೇಬಿಟ್ಟೆ ಕಣೇ. ಬರಕ್ಕೆ ಒಂದು ನೆಪಾನೂ ಉಳಿಸ್ಲಿಲ್ಲ ನಾನು."

ಭಾವ ಹೋದ ದಿನ ಅಳದಿದ್ದವಳು ಆಗ ಅತ್ತಳು. ನಿನಗೇನು ಗೊತ್ತಿತ್ತು ಅಕ್ಕ ಎನ್ನೋಣವೆಂದರೆ, ಊರಿನಲ್ಲಿ ಯಾರ ಬಟ್ಟೆ ಎಲ್ಲಿ ಸವೆಯುತ್ತದೆ ಎಂದು ಗೊತ್ತಿದ್ದವಳು ಅವಳು. ಅವಳನ್ನು ತಬ್ಬಿ ಕೂತೆ, ನಾನೂ ಅತ್ತೆ. ಹೊರಗೆ ಬೇಕರಿಯವನ ಹೆಂಡತಿ "ಏನಮ್ಮಾ, ಆಯ್ತಾ?" ಎಂದು ಕೂಗುತ್ತಿದ್ದಳು.

ಅಕ್ಕ ಮುಖ ತೊಳೆದು ಹೊರಬಂದಳು. ಬೇಕರಿಯವನ ಅಂಗಿ ಬಿಚ್ಚಿಸಿಕೊಂಡಳು. ಮೇಲಿನಿಂದ ಎರಡನೇ ದೊಡ್ಡ ಗುಂಡಿಯನ್ನು ಕಿತ್ತು, ಆ ಜಾಗಕ್ಕೆ ಚಿಕ್ಕದೊಂದನ್ನು ಗಟ್ಟಿ ದಾರದಿಂದ ಬಿಗಿದಳು. ಕಾಜಾಕ್ಕೂ ಎರಡು ಹೊಲಿಗೆ ಹಾಕಿ ಕಿರಿದು ಮಾಡಿದಳು.

ಆ ಹೆಂಗಸು ಬೆರಳು ಹಾಕಿ ನೋಡಿ ಮುಖ ಸಿಂಡರಿಸಿದಳು. "ಇದೇನಮ್ಮ, ಇದೊಂದು ಇಷ್ಟು ಬಿಗಿ? ಒಂದು ಕೈಲಿ ಇವ್ರು ಜನ್ಮದಲ್ಲಿ ಹಾಕ್ಕೊಳ್ಳಲ್ಲ."

"ಹಾಕ್ಕೊಳ್ಳೋದು ಬೇಡ" ಎಂದಳು ಅಕ್ಕ. "ಅದು ನೀವು ಹಾಕೋದು. ದಿನಾ ಬೆಳಿಗ್ಗೆ. ಅವಸರ ಮಾಡ್ಬೇಡಿ."

"ನಂಗೆ ಬೆಳಿಗ್ಗೆ ಬೇಕರಿ ಕೆಲಸ ತಲೆ ಮೇಲಿರತ್ತೆ..."

"ಇದ್ರೆ ಇರ್ಲಿ!" ಅಕ್ಕ ಜೋರು ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೇಕರಿಯವನು ಅಕ್ಕನ ಮುಖ ನೋಡಿದ, ತಲೆ ಬಗ್ಗಿಸಿದ. ಅವನಿಗೆ ತಿಳಿಯಿತು. ಅಂದಿನಿಂದ ಅಂಥ ಅಂಗಿ ಯಾರಿಗೆ ಹೊಲೆದರೂ ಅಕ್ಕ ಆ ಒಂದು ಗುಂಡಿಯನ್ನು ಬಿಗಿಯಾಗಿಯೇ ಇಡುತ್ತಾಳೆ. ಜಗಳ ಕಾಯುವವರ ಜೊತೆ ಜಗಳ ಕಾಯುವುದು ನನ್ನ ಪಾಲಿನ ಕೆಲಸ.

ಅವರು ಹೋದ ಮೇಲೆ ಅಕ್ಕ ಪೆಟ್ಟಿಗೆಯಿಂದ ಭಾವನ ಅಂಗಿಯೊಂದನ್ನು ತೆಗೆದಳು, ಎದೆ ಹೊಲೆದು ಮುಚ್ಚಿದ್ದನ್ನು. ಬಾಗಿಲ ಬೆಳಕಿಗೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. ಅವಳ ಹೊಲಿಗೆ ಅದು, ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳುವಂಥದಲ್ಲ. ಬಿಚ್ಚಿ ಮುಗಿಸಿ ಅಂಗಿಯನ್ನು ನನ್ನ ಮಡಿಲಿಗೆ ಹಾಕಿದಳು.

"ಕಾಜಾ ಮಾಡಿ ಕೊಡೇ. ಎರಡನೇದು ಬಿಗಿಯಾಗಿರ್ಲಿ."

ಕತ್ತರಿಸಿ, ದಾರ ಸುತ್ತಿ, ಗುಂಡಿ ಹಚ್ಚಿ ಕೊಟ್ಟೆ. ಅಕ್ಕ ಅಂಗಿಯನ್ನು ಕುರ್ಚಿಯ ಬೆನ್ನಿಗೆ ತೊಡಿಸಿದಳು. ಅದರ ಎದುರು ನಿಂತು, ತಲೆ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿ ಹಾಕುತ್ತ ಬಂದಳು. ಎರಡನೆಯದನ್ನು ಹಾಕಲು ತುಂಬ ಹೊತ್ತು ಹಿಡಿಯಿತು.